ಹೆಣ ಬೀಳದ ಪತ್ತೇದಾರಿ ಕಥೆಗಳು

ಒಂದು ಓದುಗರ ಕೂಟದಲ್ಲಿ ಆಡಿದ ಮಾತು ಇದು. ಬರಹದಲ್ಲಿ ಬೇಕು ಅಂತ ಕೆಲವರು ಕೇಳಿದರು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ, ಅವತ್ತು ಹೊತ್ತಾಗಿ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಂದು ಅಡುಗೆಮನೆಯಿಂದ ಶುರು ಮಾಡುತ್ತೇನೆ.

ಹೈಸ್ಕೂಲು ಹುಡುಗನೊಬ್ಬ ಮನೆಗೆ ಬಂದ ಇಬ್ಬರು ಸಹಪಾಠಿಗಳಿಗೆ ಬಿಸಿ ಕೋಕೋ ಮಾಡಿಕೊಡುತ್ತಾನೆ. ತನಗೂ ಒಂದು ಕಪ್ ಮಾಡಿಕೊಳ್ಳುತ್ತಾನೆ. ರುಚಿಯಾಗಿದೆ. ಹೇಗೆ ಮಾಡಬೇಕು ಅಂತಲೂ ಹೇಳುತ್ತಾನೆ: ಪುಡಿಗೆ ಮೊದಲು ಒಂಚೂರೇ ಬಿಸಿ ಹಾಲು ಹಾಕಿ ಗಂಟಾಗದ ಹಾಗೆ ಕಲಸಿಕೊಳ್ಳಬೇಕು, ಆಮೇಲೆ ಉಳಿದ ಬಿಸಿ ಹಾಲು ಸುರಿಯಬೇಕು. ಸ್ವಲ್ಪ ಹೊತ್ತಿಗೆ ಅವನ ಅಕ್ಕ ಬರುತ್ತಾಳೆ. ಸಿಂಕು ನೋಡಿದರೆ ಪೂರ್ತಿ ಒಣಗಿದೆ. ಹಾಲು ಕಾಯಿಸಿದ ಪಾತ್ರೆ ಕಾಣುವುದಿಲ್ಲ, ತೊಳೆದ ಗುರುತೂ ಇಲ್ಲ. ಹಾಗಾದರೆ ಮೂರು ಕಪ್ ಕೋಕೋ ಬಂದಿದ್ದಾದರೂ ಹೇಗೆ?

ಕಥೆ ಇಷ್ಟೇ. ಯಾರೂ ಸಾಯುವುದಿಲ್ಲ. ಏನೂ ಕಳುವಾಗಿಲ್ಲ. ಆ ಹುಡುಗನನ್ನೇ ಕರೆದು ಕೇಳಿದರೆ ಅರ್ಧ ನಿಮಿಷದಲ್ಲಿ ಮುಗಿಯುವ ವಿಷಯ. ಆದರೂ ಅಲ್ಲಿ ಕೂತವರು ಕೇಳದೆ, ಯೋಚನೆ ಮಾಡಿಯೇ ಕಂಡುಹಿಡಿಯಬೇಕು ಅಂತ ಹಠ ಹಿಡಿಯುತ್ತಾರೆ. ನಾನು ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ಅಡುಗೆಮನೆಗೆ ಹೋಗಿ ನಮ್ಮ ಸಿಂಕು ನೋಡಿಕೊಂಡು ನಿಂತಿದ್ದೆ. ಉತ್ತರ ಹೇಳುವುದಿಲ್ಲ, ನೀವೇ ಯೋಚಿಸಿ.

ಇದು ಯೊನೆಝಾವಾ ಹೊನೊಬು ಅನ್ನುವ ಜಪಾನೀ ಲೇಖಕರ ಕಥೆ. ಇಂಥ ಕಥೆಗಳಿಗೆ ಅಲ್ಲಿ ಒಂದು ಹೆಸರೇ ಇದೆ, ನಿಚಿಜೋ ನೋ ನಾಝೊ. ನಿಚಿಜೋ ಅಂದರೆ ದಿನನಿತ್ಯದ್ದು, ನಾಝೊ ಅಂದರೆ ಒಗಟು. ದಿನನಿತ್ಯದ ಒಗಟು. ಇವುಗಳಲ್ಲಿ ತುಂಬಾ ಕಥೆಗಳು ಹೈಸ್ಕೂಲಿನಲ್ಲೇ ನಡೆಯುತ್ತವೆ. ಅದೇಕೆ ಹಾಗೆ, ಮತ್ತು ನಲವತ್ತು ದಾಟಿದ ನನ್ನಂಥವರಿಗೂ ಯಾಕೆ ಹಿಡಿಸುತ್ತವೆ ಅನ್ನುವುದೇ ಇವತ್ತಿನ ಮಾತು.

ನಮ್ಮಲ್ಲಿ ಪತ್ತೇದಾರಿ ಅಂದ ತಕ್ಷಣ ಹಿರಿಯರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನೆನಪಾಗುತ್ತಾನೆ. ಕೊಲೆ, ಕಳ್ಳರ ಗ್ಯಾಂಗು, ರಾತ್ರಿ, ಓಟ. ಜಪಾನಿನಲ್ಲೂ ಜನ ಜಾಸ್ತಿ ಓದಿದ್ದು ಕೊಲೆಯ ಕಥೆಗಳನ್ನೇ. 1987ರಲ್ಲಿ ಅಯತ್ಸುಜಿ ಯುಕಿತೊ ಒಂದು ದ್ವೀಪದ ಮೇಲೆ ಸಾಲು ಸಾಲು ಕೊಲೆಗಳ ಕಾದಂಬರಿ ಬರೆದರು. ಅಲ್ಲಿಂದ ಲೆಕ್ಕಾಚಾರದ ಹಳೇ ಮಾದರಿಯ ಪತ್ತೇದಾರಿಗೆ ಮತ್ತೆ ಜೀವ ಬಂತು. ಅದಾದ ಎರಡೇ ವರ್ಷಕ್ಕೆ, 1989ರಲ್ಲಿ, ಕಿತಾಮುರಾ ಕಾವೊರು ಅನ್ನುವವರ ಮೊದಲ ಪುಸ್ತಕ ಬಂತು. ಹೆಸರು 'ಸೊರಾ ತೊಬು ಉಮಾ', ಹಾರುವ ಕುದುರೆ. ಅದರಲ್ಲಿ ಐದು ಕಥೆ. ತರ್ಕ ಅಷ್ಟೇ ಬಿಗಿ, ಆದರೆ ಕೊಲೆ ಒಂದೂ ಇಲ್ಲ.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಸಕ್ಕರೆಯ ಕಥೆ. ಕಾಲೇಜಿನಲ್ಲಿ ಸಾಹಿತ್ಯ ಓದುವ ಹುಡುಗಿಯೊಬ್ಬಳು ಟೀ ಅಂಗಡಿಯಲ್ಲಿ ಕೂತಿದ್ದಾಳೆ. ಇನ್ನೊಂದು ಟೇಬಲ್ಲಿನಲ್ಲಿ ಮೂವರು ಹುಡುಗಿಯರು ಪೈಪೋಟಿಗೆ ಬಿದ್ದವರ ಹಾಗೆ ತಮ್ಮ ತಮ್ಮ ಕಪ್ಪಿಗೆ ಚಮಚದ ಮೇಲೆ ಚಮಚ ಸಕ್ಕರೆ ಸುರಿಯುತ್ತಲೇ ಇದ್ದಾರೆ. ಯಾಕೆ? ಇವಳು ಈ ವಿಷಯವನ್ನು ಪರಿಚಯದ ಒಬ್ಬ ಕಲಾವಿದರಿಗೆ ಹೇಳುತ್ತಾಳೆ. ಅವರು ರಕುಗೊ ಹೇಳುವವರು. ರಕುಗೊ ಅಂದರೆ ಒಬ್ಬರೇ ಮೆತ್ತೆಯ ಮೇಲೆ ಕೂತು, ಬೀಸಣಿಗೆ ಮತ್ತು ಕರವಸ್ತ್ರ ಬಿಟ್ಟು ಬೇರೇನೂ ಇಲ್ಲದೆ, ಎಲ್ಲ ಪಾತ್ರಗಳ ಮಾತೂ ತಾವೇ ಆಡುತ್ತಾ ಕಥೆ ಹೇಳುವ ಕಲೆ. ನಮ್ಮ ಹರಿಕಥೆ ನೆನಪಿಸಿಕೊಳ್ಳಿ, ಅದರಲ್ಲಿ ಹಾಡು, ಕುಣಿತ ತೆಗೆದುಬಿಡಿ. ದಿನವೂ ಬೇರೆಯವರ ಮನಸ್ಸಿನೊಳಗೆ ಹೋಗಿ ಬರುವುದೇ ಅವರ ಕೆಲಸ, ಅಲ್ವಾ? ಹಾಗಾಗಿ ಪತ್ತೇದಾರನಾಗಲು ಅವರಿಗಿಂತ ತಕ್ಕವರು ಬೇರೆ ಯಾರೂ ಇರಲಾರರು. ಸಕ್ಕರೆಗೆ ಅವರು ಕೊಡುವ ಉತ್ತರ ಸಿಹಿಯಾಗಿಲ್ಲ. ಮನುಷ್ಯರಲ್ಲಿ ಇರುವ ಸಣ್ಣ, ನಿಜವಾದ ಕೆಟ್ಟತನವೊಂದು ಆ ಟೇಬಲ್ಲಿನಿಂದ ಹೊರಗೆ ಬರುತ್ತದೆ.

ಕಿತಾಮುರಾ ಆಗ ಮುಖ ತೋರಿಸದೆ ಬರೆಯುತ್ತಿದ್ದರು. ಕಥೆ ಹೇಳುವ ಹುಡುಗಿಯ ದನಿ ಎಷ್ಟು ನಿಜವಾಗಿತ್ತೆಂದರೆ ಲೇಖಕಿ ಯಾರೋ ಎಳೆ ವಯಸ್ಸಿನ ಹೆಣ್ಣುಮಗಳೇ ಇರಬೇಕು ಅಂತ ಓದುಗರು ಊಹಿಸಿದ್ದರು. 1991ರಲ್ಲಿ ಎರಡನೇ ಪುಸ್ತಕಕ್ಕೆ ಜಪಾನಿನ ಪತ್ತೇದಾರಿ ಲೇಖಕರ ಸಂಘದ ಪ್ರಶಸ್ತಿ ಬಂದಾಗ ಗುಟ್ಟು ಬಿಟ್ಟುಕೊಟ್ಟರು. ಅವರು 1949ರಲ್ಲಿ ಹುಟ್ಟಿದ ಗಂಡಸು, ಸೈತಾಮಾ ಪ್ರಾಂತ್ಯದ ಹೈಸ್ಕೂಲೊಂದರಲ್ಲಿ ಭಾಷೆ ಕಲಿಸುವ ಮೇಷ್ಟ್ರು! ಅವರ ನಾಯಕಿ ಕಾಲೇಜಿನವಳು, ನಿಜ. ಆದರೆ ಈ ಬಗೆಯ ಕಥೆ ಶುರುವಾದದ್ದು ದಿನಾ ಬೆಳಿಗ್ಗೆ ಹೈಸ್ಕೂಲು ಮಕ್ಕಳ ಮುಂದೆ ನಿಂತು, ಯಾವ ಬೆಂಚಿನಲ್ಲಿ ಯಾರು ಇವತ್ತು ಯಾಕೆ ಸಪ್ಪಗಿದ್ದಾರೆ ಅಂತ ನೋಡುತ್ತಿದ್ದವರ ಕೈಯಿಂದ. ಇದನ್ನು ನಾನು ಸುಮ್ನೆ ಕಾಕತಾಳೀಯ ಅಂದುಕೊಳ್ಳುವುದಿಲ್ಲ.

ಯೊನೆಝಾವಾ ಹುಟ್ಟಿದ್ದು 1978ರಲ್ಲಿ, ಗಿಫು ಪ್ರಾಂತ್ಯದಲ್ಲಿ. ಕಿತಾಮುರಾ ಅವರ ಕಥೆಗಳನ್ನು ಓದಿಯೇ ತಾನು ಈ ದಾರಿ ಹಿಡಿದೆ ಅನ್ನುವವರು. ಓದು ಮುಗಿದ ಮೇಲೆ ತಕಾಯಾಮಾ ಊರಿನ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಮಾಡುತ್ತಾ ಬರೆದರು. 2001ರಲ್ಲಿ ಮೊದಲ ಕಾದಂಬರಿ 'ಹ್ಯೋಕಾ' ಬಂತು. ಅದನ್ನು 2012ರಲ್ಲಿ ಕ್ಯೋಟೋ ಆನಿಮೇಷನ್‌ನವರು 22 ಕಂತಿನ ಟಿವಿ ಅನಿಮೆ ಮಾಡಿದರು, ನನ್ನ ಹಾಗೆ ತುಂಬಾ ಜನ ಒಳಗೆ ಬಂದದ್ದು ಆ ಬಾಗಿಲಿನಿಂದ.

ಅಲ್ಲಿಯ ಹೈಸ್ಕೂಲು ಅಂದರೆ ನಮ್ಮ ಲೆಕ್ಕದಲ್ಲಿ ಹತ್ತನೇ ಕ್ಲಾಸು ಮತ್ತು ಎರಡು ವರ್ಷ ಪಿಯುಸಿ. ಹದಿನೈದರಿಂದ ಹದಿನೆಂಟು. ಏಪ್ರಿಲ್‌ನಲ್ಲಿ ಶುರು, ಮಾರ್ಚ್‌ನಲ್ಲಿ ಮುಗಿತ, ಮೂರೇ ವರ್ಷ. ಪಾಠ ಮುಗಿದ ಮೇಲೆ ಮಕ್ಕಳು ಮನೆಗೆ ಓಡುವುದಿಲ್ಲ, ಕ್ಲಬ್ಬುಗಳಿಗೆ ಹೋಗುತ್ತಾರೆ. ಕ್ಲಬ್ಬಿಗೊಂದು ಕೋಣೆ, ಕೋಣೆಗೊಂದು ಬೀಗ, ಬೀಗದ ಕೈ ಇರುವುದು ಟೀಚರ್‌ಗಳ ಕೋಣೆಯಲ್ಲಿ. ಕ್ಲಾಸು ಗುಡಿಸುವುದು ಮಕ್ಕಳೇ. ಲೈಬ್ರರಿ ಕೌಂಟರಿನಲ್ಲಿ ಕೂರುವುದೂ ಮಕ್ಕಳೇ. ಈಗ ನೀವು ಪತ್ತೇದಾರಿ ಬರೆಯುವವರ ಕಣ್ಣಿನಿಂದ ಇದನ್ನು ನೋಡಿ. ಗಂಟೆ ಹೊಡೆಯುವುದರಿಂದ ಎಲ್ಲರೂ ಎಷ್ಟು ಹೊತ್ತಿಗೆ ಎಲ್ಲಿದ್ದರು ಅಂತ ಗೊತ್ತು, ಬೀಗದ ಕೈ ಯಾರು ತೆಗೆದುಕೊಂಡರು ಅಂತ ಗೊತ್ತು, ಹೊರಗಿನವರು ಬರುವ ಹಾಗಿಲ್ಲ, ಎಲ್ಲರಿಗೂ ಒಂದೇ ಸಮವಸ್ತ್ರ. ಕೊಲೆಯ ಕಾದಂಬರಿಯವರು ಇಂಥದಕ್ಕಾಗಿ ಹಿಮ ಸುರಿಸಬೇಕು, ಸೇತುವೆ ಮುರಿಯಬೇಕು, ದ್ವೀಪ ಹುಡುಕಬೇಕು. ಸ್ಕೂಲಿನಲ್ಲಿ ಅದೆಲ್ಲ ಪುಕ್ಕಟೆ ಸಿಗುತ್ತದೆ.

'ಹ್ಯೋಕಾ'ದ ಶುರುವೇ ಹೀಗೆ. ಸೇರುವವರು ಯಾರೂ ಇಲ್ಲದೆ ಮುಚ್ಚಿ ಹೋಗುತ್ತಿದ್ದ ಪ್ರಾಚೀನ ಸಾಹಿತ್ಯದ ಕ್ಲಬ್ಬಿಗೆ ಒಬ್ಬ ಹುಡುಗ ಅಕ್ಕನ ಒತ್ತಾಯಕ್ಕೆ ಸೇರುತ್ತಾನೆ. ಹೆಸರು ಒರೆಕಿ. ಮಾಡದಿದ್ದರೂ ನಡೆಯುವ ಕೆಲಸ ಮಾಡುವುದಿಲ್ಲ ಅನ್ನುವವನು. ಬೀಗ ತೆಗೆದು ಒಳಗೆ ಹೋದರೆ ಅಲ್ಲಿ ಆಗಲೇ ಒಬ್ಬ ಹುಡುಗಿ ನಿಂತಿದ್ದಾಳೆ, ಚಿತಂಡಾ. ತಾನು ಬೀಗದ ಒಳಗೆ ಸಿಕ್ಕಿಕೊಂಡಿದ್ದೇ ಅವಳಿಗೆ ಗೊತ್ತಿಲ್ಲ. ಯಾರು ಹಾಕಿದರು, ಯಾಕೆ ಹಾಕಿದರು? ಇನ್ನೊಂದು ಅಧ್ಯಾಯದಲ್ಲಿ ಲೈಬ್ರರಿಯ ಒಂದು ದಪ್ಪ ಪುಸ್ತಕ. ಸ್ಕೂಲಿನ ಇತಿಹಾಸದ ಪುಸ್ತಕ, ಯಾರೂ ಆಸೆಪಟ್ಟು ಓದುವಂಥದ್ದಲ್ಲ. ಅದನ್ನು ಪ್ರತಿ ಶುಕ್ರವಾರ ಬೇರೆ ಬೇರೆ ಹುಡುಗಿಯರು ಎರವಲು ಪಡೆದು ಅವತ್ತೇ ವಾಪಸ್ ಕೊಡುತ್ತಿದ್ದಾರೆ. ಓದುವುದಕ್ಕಂತೂ ಇರಲಾರದು. ಮತ್ತೆ ಯಾತಕ್ಕೆ?

ಇದೇ ಸರಣಿಯ ಇನ್ನೊಂದು ಕಥೆಯಲ್ಲಿ, ಒಂದು ಸಂಜೆ ಸ್ಕೂಲಿನ ಮೈಕಿನಲ್ಲಿ ಒಂದು ಪ್ರಕಟಣೆ ಕೇಳಿಸುತ್ತದೆ. ಇಂಥ ದಿನ ಸ್ಟೇಷನ್ ಹತ್ತಿರದ ಇಂಥ ಅಂಗಡಿಯಲ್ಲಿ ಸಾಮಾನು ಕೊಂಡವರು ಟೀಚರ್‌ಗಳ ಕೋಣೆಗೆ ಬರಬೇಕು ಅಂತ. ಒಂದೇ ವಾಕ್ಯ. ಕ್ಲಬ್ಬಿನ ಕೋಣೆಯಲ್ಲಿ ಒರೆಕಿ, ಚಿತಂಡಾ ಇಬ್ಬರು ಕೂತಿದ್ದಾರೆ, ಎದ್ದೂ ಹೋಗುವುದಿಲ್ಲ, ಬರೀ ಆ ವಾಕ್ಯವನ್ನು ಹಿಡಿದು ಎಳೆಯುತ್ತಾ ಹೋಗುತ್ತಾರೆ. ಹೆಸರು ಯಾಕೆ ಹೇಳಲಿಲ್ಲ? ಪಾಠ ಮುಗಿದ ಮೇಲೆ, ಅರ್ಧ ಮಕ್ಕಳು ಹೋಗಿಬಿಟ್ಟ ಮೇಲೆ ಯಾಕೆ ಹೇಳಿದರು? ಅಮೆರಿಕದ ಹ್ಯಾರಿ ಕೆಮೆಲ್ಮನ್ 1947ರಲ್ಲಿ ಒಂಬತ್ತು ಮೈಲಿ ನಡಿಗೆಯ ಬಗ್ಗೆ ಒಂದು ವಾಕ್ಯ ಹಿಡಿದು ಇಡೀ ಕಥೆ ಕಟ್ಟಿದ್ದರು. ಯೊನೆಝಾವಾ ಅದಕ್ಕೆ ನಮಸ್ಕಾರ ಹೇಳಿ ತನ್ನದನ್ನು ಬರೆದಿದ್ದಾರೆ. ಬೌದ್ಧಿಕ ಖುಷಿ ಬೇಕು ಅನ್ನುವವರು ಈ ಕಥೆಯಿಂದಲೇ ಶುರು ಮಾಡಿ.

ಆದರೆ ಬೌದ್ಧಿಕ ಖುಷಿ ಕೊಲೆಯ ಕಥೆಯಲ್ಲೂ ಸಿಗುತ್ತದೆ. ನನ್ನನ್ನು ಹಿಡಿದದ್ದು ಬೇರೆ.

ಕೊಲೆಯಾದರೆ ಪತ್ತೆ ಮಾಡಲೇಬೇಕು. ಅಲ್ಲಿ ಪತ್ತೇದಾರನಿಗೆ ಹಕ್ಕು ಇರುತ್ತದೆ. ಯಾರ ಮನೆಗಾದರೂ ನುಗ್ಗಬಹುದು, ಯಾರ ಕಾಗದವನ್ನಾದರೂ ಓದಬಹುದು, ಸತ್ತವರಿಗೆ ನ್ಯಾಯ ಸಿಗಬೇಕಲ್ಲ, ನಾವು ಓದುಗರೂ ಒಪ್ಪಿಬಿಡುತ್ತೇವೆ. ಕೋಕೋ ಕಥೆಯಲ್ಲಿ, ಲೈಬ್ರರಿ ಪುಸ್ತಕದ ಕಥೆಯಲ್ಲಿ ಆ ಹಕ್ಕು ಯಾರಿಗೂ ಇಲ್ಲ. ಪತ್ತೆ ಮಾಡದಿದ್ದರೆ ಏನೂ ಆಗುವುದಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅನ್ನುವುದು ಬರೀ ನನ್ನ ಆಸೆ. ಹಾಗಿದ್ದ ಮೇಲೆ ಇನ್ನೊಬ್ಬರು ಮುಚ್ಚಿಟ್ಟದ್ದನ್ನು ನಾನು ತೆಗೆದು ನೋಡಬಹುದೇ? ಹೆಣವನ್ನು ತೆಗೆದುಬಿಟ್ಟರೆ ಪತ್ತೇದಾರಿಕೆಯಲ್ಲಿ ಉಳಿಯುವುದು ಈ ಪ್ರಶ್ನೆ. ಒಳ್ಳೆಯ ಲೇಖಕರು ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಇಲ್ಲಿ ನನ್ನದೇ ಒಂದು ವಿಷಯ ಹೇಳಬೇಕು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೆಂಚಿನ ಹುಡುಗಿಯೊಬ್ಬಳು ಸೋಮವಾರ ಮಾತ್ರ ತಡವಾಗಿ ಬರುತ್ತಿದ್ದಳು. ಬೇರೆ ದಿನ ಎಲ್ಲರಿಗಿಂತ ಮುಂಚೆ ಬರುವವಳು. ಕೇಳಿದರೆ ಬಸ್ಸು ಅನ್ನುತ್ತಿದ್ದಳು. ಅದೇ ಬಸ್ಸಿನಲ್ಲಿ ಬರುವ ಇನ್ನಿಬ್ಬರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ನಾನು ಮತ್ತು ನನ್ನ ಗೆಳತಿ ಇದರ ಬೆನ್ನು ಹತ್ತಿದೆವು. ಒಂದು ಸೋಮವಾರ ಅವಳ ಬ್ಯಾಗಿನ ಮೂಲೆಯಲ್ಲಿ ಈರುಳ್ಳಿ ಸಿಪ್ಪೆ ಕಂಡಿತು. ಸೋಮವಾರ ನಮ್ಮೂರ ಸಂತೆ. ಅವಳು ಅಮ್ಮನ ಜೊತೆ ಬೆಳಿಗ್ಗೆ ಸಂತೆಯಲ್ಲಿ ಈರುಳ್ಳಿ ಮೂಟೆ ಬಿಚ್ಚಿ, ಜಾಗ ಹಿಡಿದು ಕೊಟ್ಟು ಬರುತ್ತಿದ್ದಳು. ಕಂಡುಹಿಡಿದೆವು ಅಂತ ಎಷ್ಟು ಖುಷಿಯಾಯಿತೆಂದರೆ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆವು. ತಪ್ಪು ಏನಿತ್ತು ಅದರಲ್ಲಿ, ಅಮ್ಮನಿಗೆ ಸಹಾಯ ಮಾಡುವುದು ಒಳ್ಳೆಯದೇ ಅಲ್ವಾ ಅಂತ ನಮ್ಮ ಭಾವನೆ. ಅವಳು ಡಬ್ಬಿ ಮುಚ್ಚಿಕೊಂಡು ಎದ್ದು ಹೋದಳು. ಮಾರನೇ ದಿನ ಬೇರೆ ಬೆಂಚಿಗೆ ಹೋಗಿ ಕೂತಳು. ಪರೀಕ್ಷೆ ಮುಗಿಯುವವರೆಗೂ ಅಲ್ಲೇ ಕೂತಳು. ನಮ್ಮ ತರ್ಕ ಪೂರ್ತಿ ಸರಿಯಾಗಿತ್ತು. ಅವಳು ಯಾಕೆ ಬಸ್ಸು ಅಂತ ಹೇಳುತ್ತಿದ್ದಳು ಅನ್ನುವುದನ್ನು ಮಾತ್ರ ನಾವು ಯೋಚನೆ ಮಾಡಿರಲಿಲ್ಲ.

ವರ್ಷಗಳಾದ ಮೇಲೆ ಯೊನೆಝಾವಾ ಅವರ ಎರಡನೇ ಕಾದಂಬರಿ ಓದುವಾಗ ನನಗೆ ಆ ಡಬ್ಬಿ ಮುಚ್ಚಿದ ಸದ್ದು ಕೇಳಿಸಿತು. 2002ರ ಪುಸ್ತಕ ಅದು. ಒಂದು ಕ್ಲಾಸಿನವರು ಸ್ಕೂಲಿನ ಸಾಂಸ್ಕೃತಿಕ ಹಬ್ಬಕ್ಕೆ ಪತ್ತೇದಾರಿ ಸಿನಿಮಾ ತೆಗೆಯುತ್ತಿದ್ದಾರೆ. ಚಿತ್ರಕಥೆ ಬರೆಯುವ ಹುಡುಗಿ ಮಧ್ಯದಲ್ಲೇ ಕಾಯಿಲೆ ಬೀಳುತ್ತಾಳೆ, ಕೊಲೆಗಾರ ಯಾರು ಅಂತ ಬರೆಯುವ ಮುಂಚೆಯೇ. ಅರ್ಧ ಸಿನಿಮಾ ನೋಡಿ ಉಳಿದದ್ದು ಏನಿರಬೇಕು ಅಂತ ಒರೆಕಿ ಹೇಳಬೇಕು. ನಿನ್ನಲ್ಲಿ ವಿಶೇಷ ಶಕ್ತಿ ಇದೆ ಅಂತ ಒಬ್ಬ ಸೀನಿಯರ್ ಅವನನ್ನು ಒಪ್ಪಿಸುತ್ತಾಳೆ. ಅವನು ಒಂದು ಅದ್ಭುತ ಉತ್ತರ ಕೊಡುತ್ತಾನೆ. ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. (ಇನ್ನು ಮುಂದಿನದು ಗುಟ್ಟು ಬಿಡುವ ಮಾತು, ಬೇಡದವರು ಈ ಪ್ಯಾರಾ ದಾಟಿ ಹೋಗಿ.) ಆಮೇಲೆ ಕ್ಲಬ್ಬಿನ ಗೆಳೆಯರು ಒಬ್ಬೊಬ್ಬರಾಗಿ ಬಂದು, ಇದು ಆ ಹುಡುಗಿ ಬರೆಯಬೇಕೆಂದಿದ್ದ ಕಥೆ ಆಗಿರಲಾರದು ಅನ್ನುತ್ತಾರೆ. ಅವನು ತುಣುಕುಗಳನ್ನು ಸರಿಯಾಗಿ ಜೋಡಿಸಿದ್ದ, ಬರೆದವಳು ಎಂಥವಳು ಅಂತ ನೋಡಿರಲಿಲ್ಲ. ಅವಳ ಮನಸ್ಸಿನ ಬಗ್ಗೆ ಕೇಳಿದವಳು ಚಿತಂಡಾ ಒಬ್ಬಳೇ. ಆ ಹದಿನಾರರ ಹುಡುಗನಿಗೆ ಆಗುವ ಅವಮಾನ, ಕೋಪ, ಎಲ್ಲವನ್ನೂ ಲೇಖಕರು ಒಂದು ಚೂರೂ ಮೃದು ಮಾಡದೆ ಬರೆದಿದ್ದಾರೆ.

ಆ ವಯಸ್ಸು ಬೇಕಾದದ್ದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ. ಸಣ್ಣ ಮಕ್ಕಳಿಗೆ ಬೇರೆಯವರ ಒಳಗು ಅಷ್ಟಾಗಿ ಕಾಣುವುದಿಲ್ಲ. ದೊಡ್ಡವರು ನೋಡಿಯೂ ನೋಡದ ಹಾಗೆ ಇರುವುದನ್ನು ಕಲಿತುಬಿಟ್ಟಿರುತ್ತಾರೆ. ಹದಿನಾರರ ಹೊತ್ತಿಗೆ, ಪಕ್ಕದಲ್ಲಿ ಕೂತವನಿಗೂ ನನ್ನ ಹಾಗೆಯೇ ಗುಟ್ಟುಗಳಿವೆ, ನಾಚಿಕೆಗಳಿವೆ ಅಂತ ಮೊದಲ ಸಲ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅದನ್ನು ಏನು ಮಾಡಬೇಕು ಅಂತ ಮಾತ್ರ ಗೊತ್ತಿರುವುದಿಲ್ಲ.

ಕೋಕೋ ಕಥೆ ಬರುವ ಸರಣಿಯಲ್ಲಿ ಇದು ಇನ್ನೂ ನೇರವಾಗಿದೆ. 2004ರಲ್ಲಿ ಶುರುವಾದ ಆ ಪುಸ್ತಕಗಳಿಗೆ ಋತುಗಳ ಹೆಸರು, ತಿಂಡಿಗಳ ಹೆಸರು: ವಸಂತದ ಸ್ಟ್ರಾಬೆರಿ ಟಾರ್ಟ್‌ನಿಂದ ಹಿಡಿದು 2024ರ ಚಳಿಗಾಲದ ಚಾಕೊಲೇಟಿನವರೆಗೆ. ಒಗಟು ಬಿಡಿಸುವ ಚಪಲದಿಂದಲೇ ಹಿಂದೆ ಪೆಟ್ಟು ತಿಂದ ಹುಡುಗ ಕೊಬಾತೊ, ಸೇಡು ತೀರಿಸಿಕೊಳ್ಳುವುದರಲ್ಲಿ ಸುಖ ಕಾಣುವ ಹುಡುಗಿ ಒಸನಾಯಿ. ಇನ್ನು ಮುಂದೆ ಸಾಮಾನ್ಯರ ಹಾಗೆ ಯಾರ ತಂಟೆಗೂ ಹೋಗದೆ ಬದುಕೋಣ ಅಂತ ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದಾರೆ. ಆಮೇಲೆ ಒಂದು ದಿನ ಅವಳ ಸೈಕಲ್ ಕಳುವಾಗುತ್ತದೆ, ಬುಟ್ಟಿಯಲ್ಲಿ ಆ ಋತುವಿನಲ್ಲಿ ಮಾತ್ರ ಸಿಗುವ ಟಾರ್ಟ್‌ಗಳಿದ್ದವು. ಹೆಸರು ನೋಡಿ ಸಿಹಿ ಪುಸ್ತಕ ಅಂದುಕೊಂಡು ಕೊಳ್ಳಬೇಡಿ. ನಾನು ಓದಿದ ಪತ್ತೇದಾರಿಗಳಲ್ಲಿ ಇಷ್ಟು ಕಹಿಯಾದವು ಕಡಿಮೆ.

ಒರೆಕಿಯ ಸರಣಿಯಲ್ಲಿ 2005ರಲ್ಲಿ ಬಂದ, ಸ್ಕೂಲಿನ ಹಬ್ಬದ ಕಾದಂಬರಿಯ ಬಗ್ಗೆಯೂ ಒಂದು ಮಾತು. ಕ್ಲಬ್ಬಿನ ಪುಟ್ಟ ಪತ್ರಿಕೆಯ 30 ಪ್ರತಿ ಬೇಕಿತ್ತು, ಬಂದಿದ್ದು 200. ಮಾರಬೇಕು. ಅದೇ ಹೊತ್ತಿಗೆ ಬೇರೆ ಬೇರೆ ಕ್ಲಬ್ಬುಗಳಿಂದ ಬೆಲೆಯಿಲ್ಲದ ಸಾಮಾನುಗಳು ಜಪಾನೀ ಅಕ್ಷರಮಾಲೆಯ ಕ್ರಮದಲ್ಲಿ ಕಾಣೆಯಾಗುತ್ತಿವೆ. ಒಂದು ಕಡೆ ತಂಪು ಪಾನೀಯ, ಇನ್ನೊಂದು ಕಡೆ ಗೋ ಆಟದ ಕಾಯಿಗಳು. ಇಡೀ ಸ್ಕೂಲಿಗೆ ಇದೊಂದು ಮಜಾ ಆಟ. ಕಳ್ಳ ಯಾರು ಅನ್ನುವುದಕ್ಕಿಂತ ಯಾಕೆ ಅನ್ನುವುದು ಮುಖ್ಯ. ಅದರ ಬೇರು ಇರುವುದು ನನ್ನ ಗೆಳೆಯನಲ್ಲಿ ನನಗಿಲ್ಲದ ಪ್ರತಿಭೆ ಇದೆ ಅಂತ ಗೊತ್ತಾದಾಗ ಆಗುವ ಸಂಕಟದಲ್ಲಿ. ಹೊಟ್ಟೆಕಿಚ್ಚು ಅಂದರೆ ಅದಕ್ಕೆ ಅನ್ಯಾಯವಾಗುತ್ತದೆ. ಪ್ರೀತಿ ಇರುವ ಕಡೆಯೇ ಹುಟ್ಟುವ ನೋವು ಅದು. ಇಂಥದಕ್ಕೆ ಕೋರ್ಟು ಕಚೇರಿಯಲ್ಲಿ ಸೆಕ್ಷನ್ ಇಲ್ಲ, ಹಾಗಾಗಿ ಕೊಲೆಯ ಕಾದಂಬರಿಗೆ ಇದು ಸಾಲುವುದಿಲ್ಲ. ಹೈಸ್ಕೂಲಿನಲ್ಲಿ ಇದು ಸಾಕಾಗುತ್ತದೆ, ಹದಿನೇಳಕ್ಕೆ ಇದಕ್ಕಿಂತ ದೊಡ್ಡದು ಇನ್ನೇನೂ ಇರುವುದಿಲ್ಲವಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಒಬ್ಬರು, ಪೊಲೀಸರಿಲ್ಲ, ಒಪ್ಪಿಕೊಳ್ಳುವವರಿಲ್ಲ, ಹಾಗಾದರೆ ಉತ್ತರ ಸರಿ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದರು. ಬಹಳ ಸಲ ಪೂರ್ತಿ ಗೊತ್ತಾಗುವುದಿಲ್ಲ. ಇಷ್ಟು ಸುಳಿವಿಗೆ ಇದು ಹೊಂದುತ್ತದೆ ಅನ್ನುವಲ್ಲಿಗೆ ನಿಲ್ಲುತ್ತದೆ. ನಾವು ದಿನಾ ಮನೆಯವರ ಬಗ್ಗೆ, ಗೆಳೆಯರ ಬಗ್ಗೆ ತಿಳಿದುಕೊಳ್ಳುವುದೂ ಇಷ್ಟೇ ಆಧಾರದ ಮೇಲೆ.

ಕೊನೆಗೆ ಪಿಯುಸಿ ಓದುತ್ತಿರುವ ಒಬ್ಬ ಹುಡುಗ, ನಿಮಗೆ ತುಂಬಾ ಇಷ್ಟವಾದದ್ದು ಯಾವುದು ಅಂದ. ಗೊಂಬೆ ಮೆರವಣಿಗೆಯ ಕಥೆ ಅಂದೆ.

ತಕಾಯಾಮಾ ಹತ್ತಿರ ಮಿನಾಶಿ ಅನ್ನುವ ದೇವಾಲಯವಿದೆ. ಅಲ್ಲಿ ಪ್ರತಿ ವರ್ಷ ಏಪ್ರಿಲ್ 3ಕ್ಕೆ ಹೆಣ್ಣುಮಕ್ಕಳು ಗೊಂಬೆ ಹಬ್ಬದ ಗೊಂಬೆಗಳ ಹಾಗೆ ಹಳೇ ಕಾಲದ ರೇಷ್ಮೆ ಉಡುಪು ಉಟ್ಟು ಮೆರವಣಿಗೆ ಹೋಗುತ್ತಾರೆ. ಯೊನೆಝಾವಾ ಅದನ್ನು ತನ್ನ ಕಥೆಯ ಊರಿಗೆ ತಂದಿದ್ದಾರೆ. ಚಿತಂಡಾ ರಾಣಿ ಗೊಂಬೆ. ಒರೆಕಿ ಅವಳಿಗೆ ಕೊಡೆ ಹಿಡಿಯಲು ಬಂದಿದ್ದಾನೆ. ದಾರಿಯಲ್ಲಿ ಸೇತುವೆಯ ರಿಪೇರಿ ಇರುವುದರಿಂದ ಮೆರವಣಿಗೆ ಬಳಸು ದಾರಿ ಹಿಡಿಯಬೇಕಾಗುತ್ತದೆ. ಆ ದಿನ ರಿಪೇರಿ ಬೇಡ ಅಂತ ಮೊದಲೇ ಹೇಳಿಟ್ಟಿದ್ದರು, ಮತ್ತೆ ಯಾರೋ ಫೋನ್ ಮಾಡಿ ನಡೆಯಲಿ ಅಂದಿದ್ದಾರೆ. ಯಾರು, ಯಾಕೆ? ಉತ್ತರ ಸಿಗುತ್ತದೆ, ಸಣ್ಣದು, ಚೆಂದದ್ದು, ಆ ದಾರಿಯಲ್ಲಿ ಕಾಲಕ್ಕೆ ಮುಂಚೆಯೇ ಅರಳಿದ ಒಂದು ಚೆರಿ ಮರಕ್ಕೆ ಸಂಬಂಧಪಟ್ಟದ್ದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಂಜೆ ಇಬ್ಬರೂ ನಡೆದು ಬರುತ್ತಾರೆ. ಅವಳು ದೊಡ್ಡ ಜಮೀನಿನ ಮನೆಯ ಒಬ್ಬಳೇ ಮಗಳು. ಎಲ್ಲಿಗೆ ಓದಲು ಹೋದರೂ ಇಲ್ಲಿಗೇ ವಾಪಸ್ ಬರುತ್ತೇನೆ, ಈ ಊರಿಗೆ ಏನಾದರೂ ಮಾಡುತ್ತೇನೆ ಅನ್ನುತ್ತಾಳೆ. ನೀರು, ಮಣ್ಣು, ವಯಸ್ಸಾಗುತ್ತಿರುವ ಜನ, ಇದೇ ನನ್ನ ಜಾಗ ಅಂತ ತೋರಿಸುತ್ತಾಳೆ. ಮೈಕಿನ ಒಂದು ವಾಕ್ಯದಿಂದ ಇಡೀ ಅಪರಾಧ ಬಿಡಿಸಿದ ಹುಡುಗ, ಅವಳಿಗೆ ಹೇಳಬೇಕಾದ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಜೋಡಿಸಿಕೊಳ್ಳುತ್ತಾನೆ. ಬಾಯಿಗೆ ಬರುವುದಿಲ್ಲ. ಚಳಿ ಶುರುವಾಯಿತು ಅಂತ ಏನೋ ಬೇರೆ ಹೇಳುತ್ತಾನೆ.